ಬ್ಯಾರಲ್ 1:10 ಬೇಕಾ, 1:13 ಸಾಕಾ?

ಪೆರ್ಲದ ಭಾವ: ಟೆಕ್ಸಾಸಿನಿಂದ ಬರೆಯುತ್ತಿದ್ದೇನೆ. 1000 ಗಜದ ಗುರಿ ಸ್ಪರ್ಧೆಗೆ ನನ್ನ .308 (ಬುಲೆಟಿನ ವ್ಯಾಸ 0.308 ಇಂಚು) ರೈಫಲಿಗೆ ಹೊಸ ಬ್ಯಾರಲ್ ಹಾಕಿಸಬೇಕು. ಈಗ ಹೊಡೆಯುವುದು 155 ಗ್ರೇನ್ ತೂಕದ ಬುಲೆಟ್, ಮುಂದೆ 200 ಗ್ರೇನಿಗೆ ಹೋಗುವ ಆಸೆ. ಬುಲೆಟನ್ನು ತಿರುಗಿಸುವ ಒಳಗಿನ ಗೆರೆ (ಟ್ವಿಸ್ಟ್) 10 ಇಂಚಿಗೆ ಒಂದು ಸುತ್ತು ಬರಬೇಕಾ, 13 ಇಂಚಿಗಾ?

ಬದಿಯಡ್ಕದವ: 13 ಸಾಕು. ದೂರದ ಗುರಿ ಹೊಡೆಯುವ ಪಾಲ್ಮಾ ಸ್ಪರ್ಧೆಯವರು 155 ಗ್ರೇನಿಗೆ ಎಷ್ಟೋ ವರ್ಷ ಅದನ್ನೇ ಇಟ್ಟುಕೊಂಡವರು. ಸುಮ್ನೆ ಜಾಸ್ತಿ ತಿರುಗಿಸಿದರೆ ಬುಲೆಟಿನ ಸಣ್ಣ ಓರೆಕೋರೆಯೂ ಗುರಿಯಲ್ಲಿ ದೊಡ್ಡದಾಗಿ ಕಾಣುತ್ತದೆ.

ಮುಳ್ಳೇರಿಯ ಮಾಷ್: "155 ಗ್ರೇನಿಗೆ" ಅಂತ ನೀವೇ ಬರೆದಿದ್ದೀರಿ. ಅವರು ಕೇಳಿದ್ದು 200. ನೋಡಬೇಕಾದ್ದು ಭಾರ ಅಲ್ಲ, ಉದ್ದ. ಬ್ರಿಟಿಷ್ ಗಣಿತಜ್ಞ ಗ್ರೀನ್‌ಹಿಲ್ 1879ರಲ್ಲೇ ಲೆಕ್ಕ ಕೊಟ್ಟಿದ್ದಾರೆ: ಬುಲೆಟಿನ ವ್ಯಾಸದ ವರ್ಗವನ್ನು 150ರಿಂದ ಗುಣಿಸಿ, ಉದ್ದದಿಂದ ಭಾಗಿಸಿ. 1.43 ಇಂಚು ಉದ್ದದ ಬುಲೆಟಿಗೆ 9.95 ಬರುತ್ತದೆ, ಅಂದರೆ ಸುಮಾರು 10 ಇಂಚಿಗೆ ಒಂದು ಸುತ್ತು. ಬುಗುರಿ ಉದ್ದ ಆದಷ್ಟೂ ಜೋರಾಗಿ ತಿರುಗಬೇಕು, ಅಷ್ಟೇ.

ಬದಿಯಡ್ಕದವ: 150 ಹಾಕಿದ್ದು ನಿಮ್ಮ ಅನುಕೂಲಕ್ಕೆ. ಬುಲೆಟಿನ ವೇಗ ಸೆಕೆಂಡಿಗೆ 2800 ಅಡಿ ದಾಟಿದರೆ 180 ಹಾಕುವುದು ರೂಢಿ. ಆಗ 12 ಬರುತ್ತದೆ ಮಾಷ್.

ಮುಳ್ಳೇರಿಯ ಮಾಷ್: .308ರಲ್ಲಿ 200 ಗ್ರೇನ್ 2800 ದಾಟುತ್ತದಾ? ಮೊದಲು ಅದನ್ನು ಹೇಳಿ.

ಅಡೂರಿನ ತೋಟ: ಬುಗುರಿಯಂತೆ! ನಮ್ಮಜ್ಜ ಜೋಡಿನಳಿಗೆ ಕೋವಿಯಲ್ಲಿ ಮರದ ತುದಿಯ ತೆಂಗಿನಕಾಯಿ ಉರುಳಿಸುತ್ತಿದ್ದರು. ಈ ಭಾಗಾಕಾರ ಗುಣಾಕಾರ ಯಾವುದೂ ಇರಲಿಲ್ಲ.

ಮುಳ್ಳೇರಿಯ ಮಾಷ್: ಆ ಕೋವಿಗೆ ಟ್ವಿಸ್ಟೇ ಇಲ್ಲ ಮಾರಾಯ್ರೆ. 12 ಬೋರಿನ ನಳಿಗೆ ಒಳಗೆ ಪೈಪಿನ ಹಾಗೆ ನುಣ್ಣಗೆ.

ಅಡೂರಿನ ತೋಟ: ನುಣ್ಣಗೆ? ನಾನೇ ಕಣ್ಣಿಟ್ಟು ನೋಡಿದ್ದೇನೆ. ಗೆರೆ ಇದೆ.

ಕುಂಬಳೆ ಕಡಲು: ಅದು ಗೆರೆ ಅಲ್ಲ, ತುಕ್ಕು. ನಮ್ಮ ಮಳೆಗಾಲದ ಕೈಚಳಕ 😄

ಅಡೂರಿನ ತೋಟ: ತುಕ್ಕು ನಿಮ್ಮ ಮನೆ ಗೇಟಿನದ್ದು. ಅಜ್ಜ ವಾರಕ್ಕೊಮ್ಮೆ ತೆಂಗಿನೆಣ್ಣೆ ಬಟ್ಟೆ ಎಳೆಯುತ್ತಿದ್ದರು. ಕೋವಿ ಹಿಡಿಯದವರೆಲ್ಲ ಕೋವಿಯ ವಿಷಯ ಮಾತಾಡುವುದು!

ಪೆರ್ಲದ ಭಾವ: ಬುಲೆಟ್ ಅಲುಗಾಡದೆ ಹೋಗುತ್ತದಾ ಅಂತ ಹೇಳುವ ಮಿಲ್ಲರ್ ಸೂತ್ರದಲ್ಲಿ ಹಾಕಿ ನೋಡಿದೆ. ಅದೇ 1.43 ಇಂಚು, 200 ಗ್ರೇನ್, ವೇಗ ಸೆಕೆಂಡಿಗೆ 2650 ಅಡಿ. 1:10ಕ್ಕೆ ಸ್ಥಿರತೆಯ ಅಂಕ 1.8ರ ಸುಮಾರು, 1:13ಕ್ಕೆ 1.1 ಅಷ್ಟೇ. 1.5 ಆದರೂ ಇರಬೇಕು ಅಂತ ಇಲ್ಲಿಯವರು ಹೇಳುತ್ತಾರೆ. ಯಾರಾದರೂ ನೋಡಿ ಹೇಳಿ.

ಕುಂಬಳೆ ಕಡಲು: ವಾರಕ್ಕೊಮ್ಮೆ ತೆಂಗಿನೆಣ್ಣೆಯಾ? ಚುನಾವಣೆ ಬಂದಾಗ ಕೋವಿ ಸ್ಟೇಷನ್ನಿನಲ್ಲಿ ಇರುತ್ತಿತ್ತಲ್ಲ, ಆಗ ಯಾರು ಎಳೆಯುತ್ತಿದ್ದದ್ದು?

ಅಡೂರಿನ ತೋಟ: ನೀವು ಅಜ್ಜನ ಸುದ್ದಿಗೆ ಬರಬೇಡಿ. ಹೇಳಿಬಿಟ್ಟೆ.

ಬದಿಯಡ್ಕದವ: 1.1 ಅಂದರೆ 1ಕ್ಕಿಂತ ಜಾಸ್ತಿಯೇ ಅಲ್ವಾ ಭಾವ? ಬುಲೆಟ್ ಪಲ್ಟಿ ಹೊಡೆಯುವುದಿಲ್ಲ. ಟೆಕ್ಸಾಸಿನ ಸೆಕೆಗೆ ಗಾಳಿಯೂ ತೆಳು, ಇನ್ನೂ ಒಳ್ಳೆಯದು.

ಮುಳ್ಳೇರಿಯ ಮಾಷ್: ಗಾಳಿಯನ್ನು ನಂಬಿ ಬ್ಯಾರಲ್ ತೆಗೆದುಕೊಳ್ಳುತ್ತಾರಾ? ಮೊದಲ ಎಆರ್-15 ರೈಫಲುಗಳಿಗೆ 1:14 ಇತ್ತು. ಚಳಿಯ ದಟ್ಟ ಗಾಳಿಯಲ್ಲಿ ಬುಲೆಟ್ ಅಲುಗಾಡಿತು, 1:12 ಮಾಡಬೇಕಾಯಿತು. ಅಂಚಿನಲ್ಲಿ ಇದ್ದರೆ ಬುಲೆಟ್ ಗಾಳಿಯನ್ನು ಸೀಳುವ ಶಕ್ತಿಯೂ ಕಡಿಮೆಯಾಗುತ್ತದೆ.

ಬದಿಯಡ್ಕದವ: ಚಳಿ! ಟೆಕ್ಸಾಸಿನಲ್ಲಿ! ಮಾಷ್, ಒಮ್ಮೆ ನಕ್ಷೆ ಬಿಡಿಸಿ.

ಮುಳ್ಳೇರಿಯ ಮಾಷ್: ನಕ್ಷೆ ಇರಲಿ, 2800ರ ಪ್ರಶ್ನೆಗೆ ಉತ್ತರ ಇನ್ನೂ ಬಂದಿಲ್ಲ. ತೋಟದವರೇ, ನಿಮಗೊಂದು ಪರೀಕ್ಷೆ. ಕೋವಿ ಖಾಲಿ ಇದೆಯಾ ಅಂತ ಎರಡು ಸಲ ನೋಡಿ. ಹಿಡಿ ತಿರುಗುವ ಕ್ಲೀನಿಂಗ್ ರಾಡಿಗೆ ಬಟ್ಟೆ ಬಿಗಿಯಾಗಿ ಸುತ್ತಿ, ಮೇಲೊಂದು ಪೆನ್ನಿನ ಗುರುತು ಹಾಕಿ ನಿಧಾನಕ್ಕೆ ತಳ್ಳಿ. ಗೆರೆ ಇದ್ದರೆ ರಾಡ್ ತಾನಾಗಿ ತಿರುಗುತ್ತದೆ. ಗುರುತು ಒಂದು ಸುತ್ತು ಬರುವಾಗ ಎಷ್ಟು ಇಂಚು ಒಳಗೆ ಹೋಯಿತೋ ಅದೇ ಟ್ವಿಸ್ಟ್.

ಅಡೂರಿನ ತೋಟ: ಮಾಡುತ್ತೇನೆ. ಇವತ್ತೇ.

ಪೆರ್ಲದ ಭಾವ: ನಾನು 1:10 ಹೇಳಿಬಿಟ್ಟೆ. 155 ಗ್ರೇನಿಗೂ ಅದೇ ಇರಲಿ, ನೋಡೋಣ.

ಬದಿಯಡ್ಕದವ: ಹೇಳಿ ಆದ ಮೇಲೆ ನಮ್ಮ ಹತ್ತಿರ ಕೇಳಿದ್ದು ಯಾಕೆ? ಗುರಿ ಹರಡಿದರೆ ಚಿತ್ರ ಹಾಕಿ.

ಕುಂಬಳೆ ಕಡಲು: ತೋಟದವರೇ, ರಾಡ್ ತಿರುಗಿತಾ?

ಅಡೂರಿನ ತೋಟ: ಬಟ್ಟೆ ಸಡಿಲ ಇತ್ತು. ನಾಳೆ ದಪ್ಪ ಬಟ್ಟೆ ಸುತ್ತಿ ನೋಡುತ್ತೇನೆ.