ಅಪ್‌ಡೇಟ್: ನಾಲ್ಕರ ಸುತ್ತು ಕುಗ್ಗುತ್ತದೆ, ಐದರದ್ದು ಯಾಕಿಲ್ಲ?

ಹೋದ ವಾರ ಕೇಳಿದ್ದೆ: ಗ್ರಾಫ್‌ಗಳ (ಚುಕ್ಕಿಗಳನ್ನು ಗೆರೆಗಳಿಂದ ಸೇರಿಸಿದ ಚಿತ್ರಗಳ) ಎ-ಹೋಮೋಟೊಪಿಯಲ್ಲಿ, ಅಂದರೆ ಅವನ್ನು ಹೆಜ್ಜೆಹೆಜ್ಜೆಯಾಗಿ ಸರಿಸಿ ಕುಗ್ಗಿಸುವ ಒಂದು ವಿಧಾನದಲ್ಲಿ, ನಾಲ್ಕು ಚುಕ್ಕಿಯ ಸುತ್ತು ಒಂದೇ ಚುಕ್ಕಿಗೆ ಕುಗ್ಗುತ್ತದೆ, ಐದರದ್ದು ಯಾಕೆ ಕುಗ್ಗಲ್ಲ? ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್. "ಕೈಯಲ್ಲೇ ಮಾಡಿ ನೋಡಿ" ಅಂದವರ ಮಾತು ತುಂಬಾ ಕೆಲಸಕ್ಕೆ ಬಂತು.

ಕಾಗದದ ಮೇಲೆ ಸುತ್ತು ಬರೆದು, ಚುಕ್ಕಿಗಳಿಗೆ 0, 1, 2 ಅಂತ ಸಾಲಾಗಿ ನಂಬರ್ ಕೊಟ್ಟು, ಚುಕ್ಕಿಗೊಂದು ಹುಣಸೆ ಬೀಜ ಇಟ್ಟೆ. ಒಂದು ಹೆಜ್ಜೆಯಲ್ಲಿ ಬೀಜ ಇದ್ದಲ್ಲೇ ಇರಬಹುದು, ಇಲ್ಲಾ ಪಕ್ಕದ ಚುಕ್ಕಿಗೆ ಹೋಗಬಹುದು. ಆದರೆ ಅಕ್ಕಪಕ್ಕದ ಬೀಜಗಳು ಆಮೇಲೂ ಅಕ್ಕಪಕ್ಕವೇ ಇರಬೇಕು, ಅಥವಾ ಒಂದೇ ಚುಕ್ಕಿಯಲ್ಲಿ ಸೇರಬೇಕು. ನಾಲ್ಕರಲ್ಲಿ 2ರ ಬೀಜವನ್ನು 1ಕ್ಕೆ, 3ರದ್ದನ್ನು 0ಗೆ ಸರಿಸಿದೆ. ಸುತ್ತು ಮಡಚಿಕೊಂಡು ಬರೀ ಗೆರೆ ಆಯಿತು. ಇನ್ನೊಂದು ಹೆಜ್ಜೆಗೆ ಒಂದೇ ಚುಕ್ಕಿ! ಐದರಲ್ಲಿ 2ನ್ನು 1ಕ್ಕೆ, 4ನ್ನು 0ಗೆ ಸರಿಸಿದರೆ ನಡುವಿನ 3 ಸಿಕ್ಕಿಬೀಳುತ್ತದೆ. 2ಕ್ಕೆ ಹೋದರೆ 0 ದೂರ, 4ಕ್ಕೆ ಹೋದರೆ 1 ದೂರ, ಇದ್ದಲ್ಲೇ ಇದ್ದರೆ ಎರಡೂ ದೂರ. ಎಲ್ಲಾ ಬೀಜಗಳು ಒಟ್ಟಿಗೆ ಒಂದೇ ಕಡೆ ತಿರುಗಬಹುದು, ಅಷ್ಟೇ.

ನನ್ನ ಗೊಂದಲದ ಬೇರು ಬೇರೆ ಕಡೆ ಇತ್ತು. ಟೈಮ್ಸ್-ಹೋಮೋಟೊಪಿ ಅನ್ನುವ ಇನ್ನೊಂದು ವಿಧಾನವನ್ನೂ ಎ-ಹೋಮೋಟೊಪಿಯನ್ನೂ ಒಂದೇ ಅಂದುಕೊಂಡಿದ್ದೆ. ಗಣಿತಜ್ಞ ಲೊವಾಸ್ 1978ರಲ್ಲಿ ಕ್ನೇಸರ್ ಊಹೆಯನ್ನು (ಒಂದು ಬಗೆಯ ಗ್ರಾಫ್‌ಗಳಿಗೆ ಎಷ್ಟು ಬಣ್ಣ ಬೇಕು ಅನ್ನುವುದರ ಬಗ್ಗೆ) ಸಾಧಿಸಿದ ವಿಧಾನಕ್ಕೆ ಹತ್ತಿರದ್ದು ಟೈಮ್ಸ್-ಹೋಮೋಟೊಪಿ. ಅಲ್ಲಿ ಗೆರೆಯ ಎರಡು ತುದಿ ಒಂದಾಗುವಂತಿಲ್ಲ. ಗೆರೆಯ ಎರಡು ತುದಿಗೆ ಬೇರೆ ಬೇರೆ ಬಣ್ಣ ಹಚ್ಚುವ ಪ್ರಶ್ನೆಗೆ ಬೇಕಾದ್ದೂ ಅದೇ ಅಲ್ವಾ? ಹಾಗಾಗಿ ಅಲ್ಲಿ ತ್ರಿಕೋನ ಕುಗ್ಗುವುದಿಲ್ಲ, ಎ-ಹೋಮೋಟೊಪಿಯಲ್ಲಿ ಕುಗ್ಗುತ್ತದೆ.

ಈಗ ಆರರ ಸುತ್ತು ಹಿಡಿದಿದ್ದೇನೆ. ಎದುರುಬದುರು ಚುಕ್ಕಿಗಳ ನಡುವೆ ಒಂದು ಗೆರೆ ಎಳೆದರೆ ಎರಡು ನಾಲ್ಕರ ಸುತ್ತು ಆಗುತ್ತದೆ, ಇಡೀ ಗ್ರಾಫೇ ಕುಗ್ಗಿಬಿಡುತ್ತದೆ!