ಚಿತ್ರದಲ್ಲಿ ಸೈನಿಕ ಎಲ್ಲಿ? (94ರ ಬ್ಯಾಚ್ ಗುಂಪಿನಿಂದ)

ಕಾವೇರಿ: [ಫೋಟೊ] ಶಾಲೆಯ ಹಾಲ್‌ಗೆ ಬ್ಯಾಚ್ ಕಡೆಯಿಂದ ಕೊಡುತ್ತೇವೆ ಅಂದಿದ್ದ ಚಿತ್ರ. ಆರಡಿ ಉದ್ದ, ನಾಲ್ಕಡಿ ಎತ್ತರ. ಯುದ್ಧ ಮುಗಿದ ಮೇಲೆ ಉಳಿದ ಬೆಟ್ಟ. ಮುಕ್ಕಾಲು ಮುಗಿದಿದೆ. ಈ ಮಳೆಗೆ ಆಯಿಲ್ ಬಣ್ಣ ಒಣಗುತ್ತಿಲ್ಲ, ಕ್ಯಾನ್ವಾಸ್ ಹಿಂದೆ ಬೂಷ್ಟು ಬರುತ್ತಿದೆ. ಒಲೆ ಪಕ್ಕ ತಂದಿಟ್ಟಿದ್ದೇನೆ. ಹೇಗಿದೆ, ಮುಲಾಜಿಲ್ಲದೆ ಹೇಳಿ.

ಬೋಪಣ್ಣ: ಸೂಪರ್.

ಡಾ. ಸುಧಾ: ಶುಭೋದಯ ಗೆಳೆಯರೇ. [ಗುಲಾಬಿ ಹೂವಿನ ಫೋಟೊ]

ಸುಬೇದಾರ್ ಮಂಜು: ಯುದ್ಧದ ಚಿತ್ರ ಅನ್ನುತ್ತೀಯ. ಸೈನಿಕ ಎಲ್ಲಿ? ಇದು ಕೊಡಗಿನ ಶಾಲೆ. ನಮ್ಮೂರಲ್ಲಿ ಎಷ್ಟು ಮನೆಯ ಗೋಡೆ ಮೇಲೆ ಯೂನಿಫಾರ್ಮ್ ಹಾಕಿದ ಫೋಟೊ ಇದೆ, ಎಣಿಸು. ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ಜಿಲ್ಲೆಯ ಮಕ್ಕಳಿಗೆ ಬೋಳು ಗುಡ್ಡ ತೋರಿಸಿ ಏನು ಹೇಳುತ್ತೀಯ?

ಕಾವೇರಿ: ಹಾಲ್‌ನಲ್ಲಿ ಸೈನಿಕರ ಫೋಟೊ ಆಗಲೇ ಎಂಟು ಇವೆ ಮಂಜು. ವರ್ಷಕ್ಕೆರಡು ಸಲ ಧೂಳು ಒರೆಸುವವಳು ನಾನೇ. ಬೆಟ್ಟದ್ದು ಒಂದೂ ಇಲ್ಲ.
ಪಾಲ್ ನ್ಯಾಶ್ ಅಂತ ಒಬ್ಬ ಇಂಗ್ಲೆಂಡಿನವನಿದ್ದ. ಮೊದಲನೇ ಮಹಾಯುದ್ಧದಲ್ಲಿ ಬೆಲ್ಜಿಯಂನಲ್ಲಿದ್ದವನು. ಅವನ 1918ರ ಚಿತ್ರದಲ್ಲಿ ಒಬ್ಬ ಮನುಷ್ಯನೂ ಇಲ್ಲ. ಮೊಂಡು ಮರಗಳು, ಹಂದಿ ಬಗೆದ ಗದ್ದೆಯ ಹಾಗೆ ಮಣ್ಣು, ಹಿಂದೆ ಕೆಂಪು ಮೋಡ, ಮೇಲೆ ಬಿಳೀ ಸೂರ್ಯ. ಹೆಸರು ಮಾತ್ರ 'ನಾವು ಹೊಸ ಜಗತ್ತು ಕಟ್ಟುತ್ತಿದ್ದೇವೆ'. ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂನಲ್ಲಿದೆ. ಅವನೇನು ದೇಶದ್ರೋಹಿ ಅಲ್ಲ, ಸರ್ಕಾರವೇ ಚಿತ್ರ ಬರೆಯಲು ನೇಮಿಸಿದ್ದ ಆಫೀಸರ್.

ಸುಬೇದಾರ್ ಮಂಜು: ಅವನು ಅಲ್ಲಿ ನಿಂತು ನೋಡಿ ಬರೆದ. ನೀನು ಎಲ್ಲಿ ನೋಡಿದೆ?

ಯಶೋದಾ: ನಾನು ಬೇರೆ ಕಾರಣಕ್ಕೆ ಬೇಡ ಅನ್ನುತ್ತೇನೆ. ಫೋಟೊ ತೆರೆದ ಕೂಡಲೇ ಎದೆ ಧಸಕ್ ಅಂತು. ಇದು 2018ರ ಆಗಸ್ಟ್ ಕಣೇ. ಮಕ್ಕಂದೂರು ಕಡೆ ಬೆಟ್ಟ ಜಾರಿದಾಗ ನಾವು ನೋಡಿದ್ದು ಇದೇ ಕೆಂಪು. ತೋಟದ ಮೇಲಿನ ಅರ್ಧ ಹೊಳೆಗೆ ಹೋಯಿತು. ಒಂದು ಹಲಸಿನ ಮರ ಬೇರು ಮೇಲೆ ಮಾಡಿಕೊಂಡು ನಿಂತಿತ್ತು, ಅದರಲ್ಲಿ ಇನ್ನೂ ಕಾಯಿ ಇತ್ತು. ಅದಕ್ಕೆ ಯುದ್ಧ ಅಂತ ಹೆಸರಿಟ್ಟು ಗೋಡೆಗೆ ಹಾಕಬೇಡ.

ರಫೀಕ್ (ಅಡ್ಮಿನ್): ಯಾರೂ ಜಗಳ ಆಡಬೇಡಿ.

ಯಶೋದಾ: ಜಗಳ ಅಲ್ಲ ರಫೀಕ್. ಹೇಳಬೇಕು ಅನ್ನಿಸಿತು.

ಕಾವೇರಿ: ಯಶು, ಒಪ್ಪಿದೆ. ಯುದ್ಧ ನಾನು ನೋಡಿಲ್ಲ. ನೋಡಿದ ಬೆಟ್ಟ ಅದೊಂದೇ, ಕೈ ಅಲ್ಲಿಗೇ ಹೋಗಿದೆ. ಬರೆಯುವಾಗ ನನಗೇ ಗೊತ್ತಾಗಲಿಲ್ಲ. ಬಣ್ಣ ಬದಲಿಸುತ್ತೇನೆ.

ಬೋಪಣ್ಣ: ಬದಲಿಸುವುದಾದರೆ ಹಸಿರು ಮಾಡು ಮಾರಾಯ್ತಿ. ಕಾಡು ತಾನಾಗಿ ವಾಪಸ್ ಬರುತ್ತದೆ. ಫ್ರಾನ್ಸ್‌ನ ವರ್ಡನ್ ಅನ್ನುವ ಮೊದಲನೇ ಮಹಾಯುದ್ಧದ ರಣರಂಗದ ಬಗ್ಗೆ ಯೂಟ್ಯೂಬ್‌ನಲ್ಲಿ ನೋಡಿದೆ. ಶೆಲ್ ಬಿದ್ದ ಗುಂಡಿಯಲ್ಲಿ ನೀರು ನಿಂತು ಕಪ್ಪೆಗಳು ಸಂಸಾರ ಮಾಡುತ್ತಿವೆ. ಸುತ್ತ ದಟ್ಟ ಕಾಡು.

ಕಾವೇರಿ: ಅದೇ ವರ್ಡನ್ ಹತ್ತಿರ ಯುದ್ಧ ಮುಗಿದ ಮೇಲೆ ವಿಷಾನಿಲದ ಶೆಲ್‌ಗಳನ್ನು ರಾಶಿ ಹಾಕಿ ಸುಟ್ಟ ಜಾಗ ಇದೆ. ಮಣ್ಣಿನ ತುಂಬ ಆರ್ಸೆನಿಕ್. ಅಲ್ಲಿ ಹುಲ್ಲೂ ಸರಿಯಾಗಿ ಹುಟ್ಟುವುದಿಲ್ಲ. 1919ರಲ್ಲಿ ಫ್ರಾನ್ಸ್‌ನ ಯುದ್ಧ ನಡೆದ ಕಡೆಯೆಲ್ಲ ಸೇರಿ ಸುಮಾರು 1,200 ಚದರ ಕಿ.ಮೀ. ಜಾಗವನ್ನು 'ಕೆಂಪು ವಲಯ' ಅಂತ ಗುರುತು ಮಾಡಿದ್ದರು. ಉಳುವುದಕ್ಕೂ ಇರುವುದಕ್ಕೂ ಆಗದ ನೆಲ. ನಮ್ಮ ಇಡೀ ಜಿಲ್ಲೆ ಇರುವುದೇ 4,102.

ಬೋಪಣ್ಣ: ಅಷ್ಟೊಂದಾ?

ಕಾವೇರಿ: ನಿನ್ನ ಶೆಡ್ಡಿನಲ್ಲಿ 2,4-ಡಿ ಇದೆಯಲ್ಲ, ಕಳೆಗೆ ಹೊಡೆಯುವುದು? ವಿಯೆಟ್ನಾಂ ಕಾಡಿನ ಮೇಲೆ ಅಮೆರಿಕದವರು ವಿಮಾನದಿಂದ ಸುರಿದ ಏಜೆಂಟ್ ಆರೆಂಜ್‌ನಲ್ಲಿ ಅರ್ಧ ಅದೇ. ಇನ್ನರ್ಧ 2,4,5-ಟಿ. ಡಯಾಕ್ಸಿನ್ ವಿಷ ಸೇರಿಕೊಂಡದ್ದು ಆ ಇನ್ನರ್ಧದಿಂದ. 1962ರಿಂದ 1971ರವರೆಗೆ ಎಲ್ಲ ಬಗೆಯ ಕಳೆನಾಶಕ ಸೇರಿ 7 ಕೋಟಿ ಲೀಟರಿಗಿಂತ ಜಾಸ್ತಿ. ಆರೆಂಜ್ ಅಂದರೆ ಔಷಧಿಯ ಬಣ್ಣ ಅಲ್ಲ, ಡ್ರಮ್ ಮೇಲಿನ ಪಟ್ಟಿಯ ಬಣ್ಣ.

ಬೋಪಣ್ಣ: ಬೆಳಗ್ಗೆ ಬೆಳಗ್ಗೆ ಹೆದರಿಸಬೇಡ. ನಾನು ಆ ಡಬ್ಬಿ ಮುಟ್ಟದೆ ಎರಡು ವರ್ಷ ಆಯಿತು. ಈಗ ಕಳೆ ಕೊಚ್ಚುವ ಮೆಷಿನ್.

(ಸಂಜೆ)

ಸುಬೇದಾರ್ ಮಂಜು: ಬೆಳಗ್ಗೆ ಸ್ವಲ್ಪ ಜೋರಾಗಿ ಮಾತಾಡಿದೆ. ಸರಿ, ನಾನು ನೋಡಿದ್ದು ಹೇಳುತ್ತೇನೆ.
1999ರ ಕಾರ್ಗಿಲ್ ಯುದ್ಧದಲ್ಲಿ ದ್ರಾಸ್‌ನಲ್ಲಿದ್ದೆ. ಅಲ್ಲಿ ಬೆಟ್ಟಕ್ಕೆ ಮರವೇ ಇಲ್ಲ, ಬರೀ ಕಲ್ಲು. ನಿನ್ನ ಮೊಂಡು ಮರ ಅಲ್ಲಿಗೆ ನಡೆಯುವುದಿಲ್ಲ. ಹಿಮದ ಮೇಲೆ ಶೆಲ್ ಬಿದ್ದರೆ ದೋಸೆ ಕಾವಲಿಯಷ್ಟು ಕಪ್ಪು ಮಸಿ. ಅದರ ಪಕ್ಕ ಇನ್ನೊಂದು. ಕೆಳಗೆ ಹಳ್ಳಿಯವರು ಮನೆ ಬಿಟ್ಟು ಹೋಗಿದ್ದರು, ಹೊಲಕ್ಕೆ ನೀರು ತಿರುಗಿಸುವವರೂ ಇರಲಿಲ್ಲ.
ಆದರೆ ನನಗೆ ಜಾಸ್ತಿ ನೆನಪಾಗುವುದು 2002. ಪಾರ್ಲಿಮೆಂಟ್ ಮೇಲೆ ದಾಳಿ ಆದ ಮೇಲೆ ಸೈನ್ಯ ಗಡಿಗೆ ಹೋಯಿತಲ್ಲ, ಆಗ ಪಂಜಾಬಿನಲ್ಲಿದ್ದೆ. ಯುದ್ಧ ಆಗಲೇ ಇಲ್ಲ. ಆದರೆ ರೈತರ ಹೊಲದಲ್ಲಿ ಕಾಲಿಟ್ಟರೆ ಸಿಡಿಯುವ ಮೈನ್ ಹೂತೆವು. ಆ ಹೊಲ ಹೇಗಿತ್ತು ಗೊತ್ತಾ? ತುಂಬಾ ಚೆನ್ನಾಗಿತ್ತು. ಹುಲ್ಲು ಮೊಣಕಾಲು ದಾಟಿತ್ತು. ಹಳದಿ ಹೂ. ಗಿಳಿ ಹಿಂಡು ಬಂದು ಕೂರುತ್ತಿತ್ತು. ತಂತಿಯ ಆಚೆ ಒಬ್ಬ ಅಜ್ಜ ದಿನಾ ಬಂದು ಹೊಲ ನೋಡಿ ಹೋಗುತ್ತಿದ್ದ. ಒಂದು ದಿನ ಅವನ ಎಮ್ಮೆ ಒಳಗೆ ನುಗ್ಗಿತು. ಅವನು ಕೂಗುತ್ತಾ ನಿಂತ. ಅದರ ಹಿಂದೆ ಹೋಗುವಂತಿಲ್ಲ.
ಬೋಳು ಗುಡ್ಡ ಯಾರು ಬೇಕಾದರೂ ಬರೆಯುತ್ತಾರೆ. ಇದನ್ನು ಬರಿ ನೋಡೋಣ.

ಯಶೋದಾ: ಎಮ್ಮೆಗೆ ಏನಾಯಿತು?

ಸುಬೇದಾರ್ ಮಂಜು: ಆ ಕಡೆಯಿಂದ ಹೊರಗೆ ಬಂತು. ಮೇಯ್ದುಕೊಂಡು ಆರಾಮಾಗಿ. ಅಜ್ಜ ಅತ್ತುಬಿಟ್ಟ.

ಕಾವೇರಿ: ಇಷ್ಟು ವರ್ಷ ಇದನ್ನು ನೀನು ಹೇಳಿಯೇ ಇಲ್ಲ.

ಸುಬೇದಾರ್ ಮಂಜು: ಯಾರು ಕೇಳಿದರು? ಕಾರ್ಗಿಲ್ ದಿನ ಭಾಷಣಕ್ಕೆ ಕರೆಯುತ್ತಾರೆ. ಹುಲ್ಲಿನ ವಿಷಯ ಯಾರಿಗೆ ಬೇಕು.

ರಫೀಕ್ (ಅಡ್ಮಿನ್): ನನಗೊಂದು ಹೊಳೆಯಿತು, ನಗಬೇಡಿ. ಮಿಲ್ಲಿಗೆ ಬರುವ ತೋಟದ ಮರದಲ್ಲಿ ಎಷ್ಟೋ ಸಲ ಬೇಲಿ ತಂತಿ ಸೇರಿಕೊಂಡಿರುತ್ತದೆ. ತೊಗಟೆ ಮುಚ್ಚಿ ಹೋಗಿರುತ್ತದೆ, ಹೊರಗಿಂದ ಏನೂ ಕಾಣುವುದಿಲ್ಲ. ಕಳೆದ ವರ್ಷ ಬೋಪಣ್ಣನ ಸಿಲ್ವರ್ ಓಕ್ ಕೊಯ್ಯುವಾಗ ಬ್ಲೇಡ್ ತುಂಡಾಯಿತು. ಒಳಗೆ ಮೂರು ಸುತ್ತು ಮುಳ್ಳುತಂತಿ. ಕಬ್ಬಿಣದ ಸುತ್ತ ಮರ ನೀಲಿಗಪ್ಪು ತಿರುಗಿತ್ತು, ಏಟು ಬಿದ್ದ ಉಗುರಿನ ಹಾಗೆ. ಯುರೋಪಿನಲ್ಲಿ ಯುದ್ಧ ನಡೆದ ಕಾಡಿನ ಮರಕ್ಕೂ ಇದೇ ಕಾಟ, ಶೆಲ್ ಚೂರಿನದ್ದು. ಮರ ಕೊಯ್ಯುವ ಮೊದಲು ಲೋಹ ಹುಡುಕುವ ಮೆಷಿನ್ ಹಿಡಿದು ನೋಡುತ್ತಾರೆ.

ಬೋಪಣ್ಣ: ಆ ಬ್ಲೇಡಿನ ದುಡ್ಡು ನನ್ನ ಹತ್ತಿರ ವಸೂಲಿ ಮಾಡಿದ್ದನ್ನೂ ಬರಿ.

ಸುಬೇದಾರ್ ಮಂಜು: ಬೇಲಿ ತಂತಿಗೂ ಯುದ್ಧಕ್ಕೂ ಏನು ಸಂಬಂಧ ರಫೀಕ್? ಸುಮ್ನೆ ಏನೋ ಜೋಡಿಸಬೇಡ.

ಕಾವೇರಿ: ಸಂಬಂಧ ಇಲ್ಲ, ಒಪ್ಪುತ್ತೇನೆ. ನನಗೆ ಬೇಕಾದದ್ದು ಆ ನೀಲಿಗಪ್ಪು. ಊಹಿಸಿ ಬರೆದು ಒಂದು ಸಲ ಕೆಟ್ಟೆ. ಹಲಗೆ ಇಟ್ಟಿದ್ದೀಯಾ?

ರಫೀಕ್ (ಅಡ್ಮಿನ್): ತಂತಿ ಇದ್ದ ತುಂಡು ಸೌದೆ ರಾಶಿಯಲ್ಲಿದೆ. ನಾಳೆ ಕುಶಾಲನಗರದಿಂದ ಜೀಪಿನಲ್ಲಿ ಕಳಿಸುತ್ತೇನೆ.

ಯಶೋದಾ: ಕೆಂಪು ಏನು ಮಾಡುತ್ತೀಯ?

ಕಾವೇರಿ: [ಫೋಟೊ] ನೈಫ್‌ನಲ್ಲಿ ಕೆರೆಯುತ್ತಿದ್ದೇನೆ. ಒಣಗದೇ ಇದ್ದದ್ದು ಒಳ್ಳೇದಾಯಿತು, ಬೆಣ್ಣೆಯ ಹಾಗೆ ಬರುತ್ತಿದೆ. ಪೂರ್ತಿ ಹಸಿರು ಹುಲ್ಲು ಬರೆಯುತ್ತೇನೆ. ಮಂಜು, ಸೈನಿಕನಿಗೆ ಎಲ್ಲಿ ಜಾಗ ಬಿಡಲಿ?

ಸುಬೇದಾರ್ ಮಂಜು: ತಂತಿಯ ಈಚೆ. ಅಜ್ಜನ ಪಕ್ಕ. ಒಳಗೆ ನಮಗೂ ಕಾಲಿಡಲು ಆಗುತ್ತಿರಲಿಲ್ಲ.

ಡಾ. ಸುಧಾ: ಈಗ ನೋಡಿದೆ, ಚಿತ್ರ ಬಹಳ ಚೆನ್ನಾಗಿದೆ ಕಾವೇರಿ. ಆ ಕೆಂಪು ಬಣ್ಣ ಮಾತ್ರ ಬದಲಿಸಬೇಡ.