ಸಂಗೀತ ಚಿಕಿತ್ಸೆಯ ಅನುದಾನ ನಿಂತಿದೆ, ಯಾರನ್ನ ಕೇಳೂದು?

ರಿಪ್ಪನ್‌ಪೇಟೆ ತೋಟದವ:

ನಮ್ಮ ಅಪ್ಪಯ್ಯಂಗೆ ಎರಡು ವರ್ಷದ ಹಿಂದೆ ಲಕ್ವ ಹೊಡೀತು. ಬಲಗೈ, ಬಲಗಾಲು ಅರ್ಧ ಸುಧಾರಿಸಿದೆ, ಮಾತು ಹೋಗಿದ್ದು ಬರ್ಲಿಲ್ಲ. ನಾವು ಹೇಳಿದ್ದೆಲ್ಲ ತಿಳೀತದೆ. ವಿಚಿತ್ರ ಎಂತ ಅಂದ್ರೆ, ಮಳೆಗಾಲದ ತಾಳಮದ್ದಲೆಗೆ ಭಾಗವತಿಕೆ ಮಾಡ್ತಿದ್ದ ಮನುಷ್ಯ, ಪದ ಎತ್ತಿಕೊಟ್ರೆ ಎರಡು ಸಾಲು ಸಾಹಿತ್ಯ ಸಮೇತ ಹಾಡ್ತಾರೆ. "ನೀರು" ಅನ್ನಕ್ಕೆ ಆಗೂದಿಲ್ಲ.

ಶಿವಮೊಗ್ಗದಲ್ಲಿ ಸರ್ಕಾರದ ಅನುದಾನದಲ್ಲಿ ನಡೀತಿದ್ದ ಒಂದು ಕೇಂದ್ರಕ್ಕೆ ಪ್ರತಿ ಮಂಗಳವಾರ ಆಯನೂರು ಮೇಲಿನ ಬಸ್ಸಲ್ಲಿ ಕರ್ಕೊಂಡು ಹೋಗ್ತಿದ್ದೆ. ಸಂಗೀತ ಚಿಕಿತ್ಸೆಯ ಮೇಡಂ ಮೊದಲ ದಿನ ಕೇಳಿದ್ದು, "ಇವರಿಗೆ ದಿನಾ ಬೇಕೇಬೇಕಾದ್ದು ಏನು?" ನಾನು ಮಾತ್ರೆ ಹೆಸರು ಹೇಳಕ್ಕೆ ಹೊರಟೆ. ಅಮ್ಮ ಅಂದ್ಲು, "ಕವಳ". ಎಲೆ ಅಡಿಕೆ. ಸರಿ, "ಕವಳ ಬೇಕು" ಅನ್ನೂದನ್ನೇ ಮೇಲೊಂದು ಕೆಳಗೊಂದು ಎರಡೇ ಸ್ವರದಲ್ಲಿ ಕೂರಿಸಿ, ಅಕ್ಷರಕ್ಕೊಂದರ ಹಾಗೆ ಎಡಗೈಯನ್ನ ಮೇಜಿನ ಮೇಲೆ ತಟ್ಟಿಸಿದ್ರು. ಐದು ಪೆಟ್ಟು. ಏಳನೇ ವಾರ ಜಗಲಿಯಿಂದ ಅದು ರಾಗವಾಗಿ ಬಂತು. ಅಮ್ಮ ಕವಳದ ಬಟ್ಲು ಹಿಡ್ಕೊಂಡು ಒಳಗಿಂದ ಓಡಿ ಬಂದ್ಲು.

ಏಪ್ರಿಲ್‌ನಿಂದ ಮೇಡಂ ಇಲ್ಲ. ಬಜೆಟ್ಟಲ್ಲಿ ದುಡ್ಡು ಬಂದಿಲ್ವಂತೆ. ಕಚೇರಿಗೆ ಹೋದ್ರೆ, "ಫಿಸಿಯೋಥೆರಪಿ ಇದ್ಯಲ್ಲ, ಹಾಡು ಅಂದ್ರೆ ಮನರಂಜನೆ, ಮೊಬೈಲಲ್ಲಿ ಹಾಕ್ಕೊಡಿ" ಅಂದ್ರು. ಮೊಬೈಲು ಕೈ ಹಿಡಿದು ತಟ್ಟಿಸ್ತದಾ? ಹನ್ನೊಂದು ಮನೆಯವರು ಸೇರಿ ಮನವಿ ಕೊಡಬೇಕು ಅಂತಿದೀವಿ. ಹೇಗೆ ಬರಿಯೂದು?

ನಿವೃತ್ತ ಗುಮಾಸ್ತ:

ಮನವಿ ಆಮೇಲೆ ಮಾರಾಯ್ರೆ. ದುಡ್ಡು ಬೆಂಗಳೂರಲ್ಲೇ ಕಡಿತ ಆಯ್ತೋ, ಬಂದದ್ದು ಇಲ್ಲಿ ಖರ್ಚಾಗದೆ ಮಾರ್ಚ್ 31ಕ್ಕೆ ವಾಪಸ್ ಹೋಯ್ತೋ, ಮೊದಲು ಅದು ಗೊತ್ತಾಗ್ಲಿ. ಮೂವತ್ತು ವರ್ಷ ಕಡತಗಳ ಮಧ್ಯೆ ಕೂತವನು ನಾನು. ಎರಡಕ್ಕೂ ಕಿಟಕಿಯಲ್ಲಿ ಹೇಳೋದು "ಅನುದಾನ ಇಲ್ಲ" ಅಂತಲೇ. ಮಾಹಿತಿ ಹಕ್ಕಿನಲ್ಲಿ ಕೇಳಿ: ಯಾವ ಲೆಕ್ಕ ಶೀರ್ಷಿಕೆ (ಬಜೆಟ್ಟಲ್ಲಿ ದುಡ್ಡು ಯಾವ ಬಾಬ್ತಿನಡಿ ಇದೆ ಅನ್ನೋದು), ಹೋದ ವರ್ಷ ಬಿಡುಗಡೆ ಎಷ್ಟು, ಖರ್ಚೆಷ್ಟು. 10 ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದ ದಾಟಬಾರದು, ವಿಷಯ ಒಂದೇ ಇರಬೇಕು. ಅಪ್ಪಯ್ಯನ ಕಥೆ ಅದರಲ್ಲಿ ಬೇಡ, ಅದೇ ನೆಪ ಸಾಕು ತಿರುಗಿಸಿ ಕಳಿಸೋಕೆ. 30 ದಿನದಲ್ಲಿ ಉತ್ತರ ಕೊಡಬೇಕು.

ಕಡಿತವೇ ಆಗಿದ್ರೂ ಅಧಿವೇಶನದಲ್ಲಿ ಪೂರಕ ಅಂದಾಜು, ಅಂದ್ರೆ ಬಜೆಟ್ಟಿನ ಮೇಲೆ ಹೆಚ್ಚುವರಿ ಖರ್ಚಿನ ಪಟ್ಟಿ, ಮಂಡಿಸ್ತಾರೆ, ಅಲ್ಲಿ ಸೇರಿಸಬಹುದು. ಅದಕ್ಕೆ ಶಾಸಕರನ್ನ ಹಿಡೀರಿ. ಕೆಡಿಪಿ ಸಭೆಯಲ್ಲಿ, ಅಂದ್ರೆ ಇಲಾಖೆಗಳ ಪ್ರಗತಿ ಪರಿಶೀಲನಾ ಸಭೆಯಲ್ಲಿ, ಪ್ರಶ್ನೆ ಎತ್ತಿಸಿದ್ರೆ ಅಧಿಕಾರಿ ಎದ್ದು ನಿಂತು ಉತ್ತರ ಹೇಳಬೇಕಾಗ್ತದೆ.

ಸಾಗರದ ಮಾತಿನ ಚಿಕಿತ್ಸಕಿ:

ಹೆಚ್ಚಿನವರಿಗೆ ಮಾತು ಮಿದುಳಿನ ಎಡಭಾಗದ್ದು. ಅಲ್ಲಿ ಪೆಟ್ಟಾದರೂ ಹಾಡು ಉಳಿಯೋದುಂಟು. ನಿಮ್ಮ ಮೇಡಂ ಮಾಡಿಸಿದ್ದು ಮೆಲೋಡಿಕ್ ಇಂಟೋನೇಷನ್ ಥೆರಪಿಯ (ಮಾತನ್ನ ರಾಗದಲ್ಲಿ ಕೂರಿಸಿ ಆಡಿಸೋ ಚಿಕಿತ್ಸೆಯ) ಜಾತಿಯದು, 1973ರಲ್ಲಿ ಬಾಸ್ಟನ್‌ನವರು ಪ್ರಕಟಿಸಿದ್ದು. ಮನರಂಜನೆ ಅಂದವರಿಗೆ ಇಷ್ಟು ಸಾಕು.

ಕಾನೂನೂ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಅಫೇಸಿಯಾದಿಂದ (ಮಿದುಳಿಗೆ ಪೆಟ್ಟಾಗಿ ಮಾತು ಕೆಡೋದು) ಶಾಶ್ವತವಾಗಿ ಮಾತಿಗೆ ತೊಂದರೆಯಾದವರೂ ಸೇರಿದ್ದಾರೆ, 27ನೇ ಕಲಂ ಪುನರ್ವಸತಿ ಸರ್ಕಾರದ ಕೆಲಸ ಅಂತದೆ. ಆದರೆ ಅದೇ ಕಲಮಿನಲ್ಲಿ "ಆರ್ಥಿಕ ಸಾಮರ್ಥ್ಯದ ಮಿತಿಯಲ್ಲಿ" ಅನ್ನೋ ಅರ್ಥದ ಮಾತೂ ಕೂತಿದೆ. ಅವರು ಅದನ್ನೇ ತೋರಿಸ್ತಾರೆ. ಆಗ ಗುಮಾಸ್ತರು ಹೇಳಿದ ಲೆಕ್ಕ ನಿಮ್ಮ ಕೈಯಲ್ಲಿರಲಿ.

ಒಂದು ಎಚ್ಚರಿಕೆ. "ಗುಣವಾಗ್ತದೆ" ಅಂತ ಬರೀಬೇಡಿ. ಚಿಕಿತ್ಸೆಗಳ ಪ್ರಯೋಗಗಳನ್ನೆಲ್ಲ ಒಟ್ಟಿಗಿಟ್ಟು ತೂಗೋ ಕಾಕ್ರೇನ್ ಸಂಸ್ಥೆಯ 2017ರ ವಿಮರ್ಶೆ 29 ಪ್ರಯೋಗ, 775 ಜನರನ್ನ ನೋಡಿ, ಲಯಕ್ಕೆ ಹೆಜ್ಜೆ ಹಾಕಿಸಿದರೆ ಲಕ್ವ ಆದವರ ನಡಿಗೆಗೆ ಉಪಯೋಗ ಆಗಬಹುದು ಅಂದಿದೆ. ಮಾತಿನ ವಿಷಯದಲ್ಲಿ ಪುರಾವೆ ಅಷ್ಟು ಗಟ್ಟಿ ಇಲ್ಲ. ನನ್ನ ಹತ್ರ ಬಂದವರಲ್ಲೂ ಕೆಲವರಿಗೆ ಹತ್ತಿತು, ಕೆಲವರಿಗೆ ಇಲ್ಲ. ಹನ್ನೊಂದು ಮನೆಯಲ್ಲಿ ಯಾರು ಯಾವ ವಾರ ಯಾವ ಮಾತು ಆಡಿದರು, ನಿಂತ ಮೇಲೆ ಏನಾಯ್ತು, ಅಷ್ಟನ್ನೇ ಬರೀರಿ. ಹತ್ತದಿದ್ದವರನ್ನೂ ಸೇರಿಸಿ.

ತೀರ್ಥಹಳ್ಳಿಯವ:

ಇಷ್ಟೆಲ್ಲ ಎಂತಕ್ಕೆ? ಅಪ್ಪಯ್ಯನ್ನೇ ಕರ್ಕೊಂಡು ಹೋಗಿ ಸಾಹೇಬ್ರ ಎದುರು ಹಾಡಿಸಿ. ವಿಡಿಯೋ ಮಾಡಿ ವಾಟ್ಸಾಪಿಗೆ ಬಿಡಿ.

ರಿಪ್ಪನ್‌ಪೇಟೆ ತೋಟದವ:

ಅದೊಂದು ಆಗೂದಿಲ್ಲ. ತುಂಬಿದ ಸಭೇಲಿ ಜಾಗಟೆ ಹಿಡಿದು ಕೂತವರನ್ನ ಕಚೇರಿ ಬಾಗಿಲಲ್ಲಿ ಕವಳ ಕೇಳಿಸಲಾರೆ.

ಅರ್ಜಿ ಬರೆದೆ, 131 ಪದ ಆಯ್ತು. ಗುಮಾಸ್ತರೆ, ಇದಕ್ಕೂ ಹನ್ನೊಂದು ಸಹಿ ಬೇಕಾ?

ನಿವೃತ್ತ ಗುಮಾಸ್ತ:

ಒಬ್ಬರದು ಸಾಕು. ಖುದ್ದಾಗಿ ಕೊಟ್ಟು, ಪ್ರತಿ ಮೇಲೆ ಮೊಹರು, ತಾರೀಖು ಹಾಕಿಸ್ಕೊಂಡೇ ಬಸ್ಸು ಹತ್ತಿ.